ಹದ್ದು ಒಯ್ದ ಟೋಪಿ

ಗಯಾಜ್‌ಗೆ ಒಂದು ಚಾಳಿ ಇತ್ತು. ಯಾರು ಏನೇ ಹೇಳಲಿ, “ಎಲ್ಲಿ, ತೋರ್ಸಿ” ಅನ್ನುತ್ತಿದ್ದ. ಬರೀ ಬಾಯಿಮಾತಿಗೆ ಅವನ ಹತ್ತಿರ ಮೂರು ಕಾಸಿನ ಬೆಲೆ ಇರಲಿಲ್ಲ. ಶಿವಾಜಿನಗರದ ಗಲ್ಲಿಯೊಂದರಲ್ಲಿ ಮೂವತ್ತೆಂಟು ವರ್ಷ ಕ್ಯಾಮೆರಾ ರಿಪೇರಿ ಮಾಡಿದ ಆಸಾಮಿ. ಗಿರಾಕಿ ಬಂದು ಫೋಕಸ್ ಸರಿಯಾಗಿ ಕೂರ್ತಿಲ್ಲ ಅಂತ ಅರ್ಧ ಗಂಟೆ ಕತೆ ಹೇಳಿದರೂ ತಲೆ ಎತ್ತದೆ, “ಫೋಟೋ ತಂದಿದೀರಾ? ತೋರ್ಸಿ” ಅನ್ನೋನು. ಮನುಷ್ಯನ ಕಣ್ಣು ತನಗೆ ಬೇಕಾದ್ದನ್ನ ನೋಡುತ್ತೆ, ಲೆನ್ಸು ಇರೋದನ್ನ ನೋಡುತ್ತೆ ಅನ್ನೋದು ಅವನ ವೇದಾಂತ. ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು ಅಂತ ಹಿರಿಯರೇ ಹೇಳಿದ್ದಾರಲ್ಲ, ತಪ್ಪೇನಿದೆ ಅಂತೀರಾ? ಅಂಗಡಿಯಲ್ಲಿ ಏನೂ ತಪ್ಪಿಲ್ಲ ಸ್ವಾಮಿ. ಮನೆಯಲ್ಲಿ, ಮೂವತ್ತಾರು ವರ್ಷ ಜೊತೆಗೆ ಬಾಳಿದ ಹೆಂಡತಿಯ ಮುಂದೆ, ಅದೇ ಮಾತು ಆಡಬಾರದಿತ್ತು.

ಹೆಂಡತಿ ಗುಲ್ಷನ್. ಐದಡಿಗೆ ಎರಡು ಇಂಚು ಕಮ್ಮಿ. ಗಯಾಜ್ ಆರಡಿ ಆಳು. ಇಬ್ಬರೂ ಜೊತೆಗೆ ಮಸೀದಿ ರಸ್ತೆಯಲ್ಲಿ ನಡೆದು ಬಂದರೆ ಗುರುತಿನವರು ನಗುತ್ತಿದ್ದರು, ಇವರೂ ನಗುತ್ತಿದ್ದರು. ಪುಲಿಕೇಶಿನಗರದಲ್ಲಿ, ರೈಲು ಹಳಿಯ ಹತ್ತಿರ, ಎರಡನೇ ಮಹಡಿಯಲ್ಲಿ ಮನೆ. ಮೇಲೆ ತಾರಸಿ. ಮನೆಯಲ್ಲಿ ಆಡುತ್ತಿದ್ದದ್ದು ದಖನಿ. ಇಲ್ಲಿ ಕನ್ನಡದಲ್ಲೇ ಹೇಳಿದರೆ ಎಲ್ಲರಿಗೂ ಆಗುತ್ತೆ.

ಎರಡು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಗಯಾಜ್‌ನ ಕಣ್ಣಿಗೆ ಇಳಿಯಿತು. ಎರಡೂ ಕಣ್ಣಿನ ನಟ್ಟನಡುವೆ ಒಂದೊಂದು ಬೂದು ಚುಕ್ಕೆ. ಏನನ್ನು ನೇರವಾಗಿ ನೋಡುತ್ತಾನೋ ಅದೇ ಮಾಯ, ಅಕ್ಕಪಕ್ಕದ್ದು ಮಾತ್ರ ಕಾಣುತ್ತೆ. ಎದುರಿಗೆ ಬಂದವರ ಭುಜ ಕಾಣುತ್ತೆ, ಕಿವಿ ಕಾಣುತ್ತೆ, ಮುಖ ಮಾತ್ರ ಇಲ್ಲ. ಇಂಜೆಕ್ಷನ್ ಆಯಿತು, ಲೇಸರ್ ಆಯಿತು, ಚುಕ್ಕೆ ಅಲ್ಲೇ ಕೂತಿತು. ಅಂಗಡಿ ಮುಚ್ಚಿದ.

ಗುಲ್ಷನ್ ಅವತ್ತಿಂದ ಸದಕಾ ಶುರು ಮಾಡಿದಳು. ಪ್ರತಿ ಗುರುವಾರ ಕಾಲು ಕೆ.ಜಿ. ಮಾಂಸದ ಚೂರು ತರೋದು, ಗಂಡನನ್ನು ಕುರ್ಚಿಯಲ್ಲಿ ಕೂರಿಸೋದು, ಅವನ ತಲೆಗೆ ಮೂರು ಸುತ್ತು ನಿವಾಳಿಸೋದು, ತಾರಸಿಗೆ ಹೋಗಿ ಹದ್ದುಗಳಿಗೆ ಎಸೆಯೋದು. ಅವನು ಕುರ್ಚಿಯಲ್ಲಿ ಕೂತರೇ ಅವಳ ಕೈಗೆ ಅವನ ತಲೆ ಸಿಗುತ್ತಿದ್ದದ್ದು. “ಇವರ ಕಣ್ಣಿನ ಕಷ್ಟವೆಲ್ಲ ಎತ್ಕೊಂಡು ಹೋಗ್ಲಿ” ಅನ್ನುತ್ತಿದ್ದಳು. ಶಿವಾಜಿನಗರ, ಪುಲಿಕೇಶಿನಗರದ ಕಡೆ ಇದೇನು ಹೊಸದಲ್ಲ. ಅಲ್ಲಿನ ಹದ್ದುಗಳಿಗೆ ಯಾವ ತಾರಸಿಗೆ ಯಾವ ದಿನ ಹೋಗಬೇಕು ಅನ್ನೋದು ಬಾಯಿಪಾಠ.

ಕಳೆದ ಡಿಸೆಂಬರಿನಲ್ಲಿ ಟೋಪಿ ಕಳೆಯಿತು.

ನಮಾಜಿನ ಟೋಪಿ. ಗುಲ್ಷನ್ ಒಂದು ತಿಂಗಳು ಕೂತು ಕ್ರೋಶಾ ಕಡ್ಡಿಯಲ್ಲಿ ಹೆಣೆದದ್ದು. ಬಿಳಿ ದಾರ, ಅಂಚಿಗೆ ಹಸಿರು ದಾರದ ಅಲೆ. ತೊಳೆದರೆ ಆಕಾರ ಕೆಡಬಾರದು ಅಂತ ಚೊಂಬಿನ ಮೇಲೆ ಬೋರಲು ಹಾಕಿ ತಾರಸಿಯ ಗೋಡೆಯ ಮೇಲೆ ಒಣಗಿಸುತ್ತಿದ್ದಳು. ಶುಕ್ರವಾರ ಗಯಾಜ್ ಮಸೀದಿಗೆ ಹೊರಟು ಟೋಪಿ ಕೇಳಿದ.

“ಅಜೀ, ಚೀಲ್ ತಗೊಂಡ್ ಹೋಯ್ತು” ಅಂದಳು. ಚೀಲ್ ಅಂದರೆ ಹದ್ದು. “ನಿನ್ನೆ ಮಾಂಸ ಹಾಕಿ ಹಿಂದೆ ತಿರುಗೋಷ್ಟರಲ್ಲಿ ಬಂತು. ಚೊಂಬು ಬಿತ್ತು. ಟೋಪಿ ಕಾಲಲ್ಲಿ ಹಿಡ್ಕೊಂಡು ಹಳಿ ಆಚೆ ಹೋಯ್ತು.”

“ಹದ್ದಿಗೆ ಟೋಪಿ ಯಾಕೆ? ನಮಾಜು ಮಾಡುತ್ತಾ?”

“ನನಗೇನ್ ಗೊತ್ತು. ನಾನು ನೋಡಿದ್ದು ಹೇಳ್ದೆ.”

“ಎಲ್ಲಿ, ತೋರ್ಸು.”

ಇದನ್ನ ಹೇಗೆ ತೋರಿಸ್ತಾಳೆ ಪಾಪ! ಹದ್ದನ್ನ ಕರೆಸಿ ಹೇಳಿಕೆ ಕೊಡಿಸ್ತಾಳಾ? ಗಯಾಜ್ ಅಷ್ಟಕ್ಕೇ ಬಿಡಲಿಲ್ಲ. ಮಸೀದಿಯ ಬಾಗಿಲಲ್ಲಿ ಹೇಳಿದ, ಟೀ ಅಂಗಡಿಯಲ್ಲಿ ಹೇಳಿದ, ಕಲ್ಯಾಣ ನಗರದಲ್ಲಿರೋ ಮಗಳು ಅಲಿಯಾಗೆ ಫೋನಿನಲ್ಲಿ ಹೇಳಿದ. ನಗು ಬರಿಸೋ ಹಾಗೆ ಹೇಳೋದು ಅವನಿಗೆ ಚೆನ್ನಾಗಿ ಬರುತ್ತಿತ್ತು. ಮನೆಗೆ ಬಂದವರೆಲ್ಲ “ಏನ್ ಭಾಬಿ, ಹದ್ದು ಟೋಪಿ ವಾಪಸ್ ಕೊಡ್ತಾ?” ಅನ್ನೋಕೆ ಶುರು ಮಾಡಿದರು. ಮೊದಲ ದಿನ ಗುಲ್ಷನ್ ಕೂಡ ನಕ್ಕಳು. ಆಮೇಲೆ ಟೀ ಲೋಟ ಇಟ್ಟು ಸುಮ್ಮನೆ ಒಳಗೆ ಹೋಗುತ್ತಿದ್ದಳು.

ಹದಿನೈದು ದಿನಕ್ಕೆ ಅಲಿಯಾ ಬಂದಿದ್ದಾಗ, ತಾರಸಿಯಲ್ಲಿ ಒಣಗಲು ಹಾಕಿದ್ದ ಅವಳ ಮಗುವಿನ ಗುಲಾಬಿ ಕಾಲುಚೀಲ ಒಂದು ಕಾಣೆಯಾಯಿತು. ಚೀಲ್ ಅಂದಳು ಗುಲ್ಷನ್. ಆಮೇಲೆ ದುಪಟ್ಟಾಗೆ ಹೊಲಿಯೋಕೆ ತಾರಸಿಯಲ್ಲಿ ಇಟ್ಟುಕೊಂಡಿದ್ದ ಒಂದು ಮೊಳ ಜರಿ ಲೇಸು. ಅದಕ್ಕೂ ಚೀಲ್. ಅದೇ ವಾರ ಒಲೆಯ ಮೇಲೆ ಹಾಲು ಉಕ್ಕಿತು, ಒಂದು ಸಲ ನಲ್ಲಿ ಬಿಟ್ಟು ಮರೆತಳು. ಯಾರ ಮನೆಯಲ್ಲಿ ಉಕ್ಕಲ್ಲ ಹೇಳಿ ಹಾಲು? ಆದರೆ ಗಯಾಜ್ ಎಲ್ಲವನ್ನೂ ಸೇರಿಸಿ ಒಂದು ಫೋಟೋ ಮಾಡಿಕೊಂಡ. ಹೆಂಡತಿಗೆ ಮರೆವಿನ ರೋಗ ಶುರುವಾಗಿದೆ, ಕಳೆದುಕೊಂಡದ್ದನ್ನೆಲ್ಲ ಹದ್ದಿನ ಲೆಕ್ಕಕ್ಕೆ ಬರೀತಿದ್ದಾಳೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ಅವನದು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರ ಮುಂದೆಯೂ ಹದ್ದಿನ ಕತೆ ಹೇಳಿದ. ಡಾಕ್ಟರು ನಗಲಿಲ್ಲ, ಮೆಲ್ಲಗೆ ಕೇಳಿದರು: “ಅಮ್ಮಾ, ಇವತ್ತು ಯಾವ ವಾರ?” ಗುಲ್ಷನ್ ಡಾಕ್ಟರ ಕಡೆ ನೋಡಲಿಲ್ಲ. ಗಂಡನ ಕಡೆ ನೋಡಿದಳು. ಅವಳ ಮುಖ ಅವನಿಗೆ ಕಾಣುವ ಹಾಗಿರಲಿಲ್ಲ, ಭುಜ ಮಾತ್ರ ಕಂಡಿತು. ಅವಳು ಬಾಯಿ ಬಿಡಲೇ ಇಲ್ಲ. ಮೂರು ತಿಂಗಳು ಬಿಟ್ಟು ಬನ್ನಿ, ಆಮೇಲೆ ನೋಡೋಣ ಅಂದರು ಡಾಕ್ಟರು. ಗಯಾಜ್‌ಗೆ ಮೂರು ತಿಂಗಳು ಯಾಕೆ ಬೇಕು! ವಾರ ಯಾವುದು ಅಂತ ಗೊತ್ತಿಲ್ಲ, ಮುಗಿಯಿತು, ಸಾಬೀತಾಯಿತು.

ಮನೆಗೆ ಬಂದವನೇ ತಾರಸಿಗೆ ಬೀಗ ಹಾಕಿದ. ಗೋಡೆ ಗಿಡ್ಡ, ಮರೆವಿನ ಹೆಂಗಸು, ತಲೆ ತಿರುಗಿ ಬಿದ್ದರೆ? ಇದನ್ನ ಅವನು ಪ್ರೀತಿಯಿಂದಲೇ ಮಾಡಿದ, ಆ ಮಾತು ಹೇಳಲೇಬೇಕು. ಮೆಟ್ಟಿಲ ಬಾಗಿಲ ಪಕ್ಕದಲ್ಲಿ, ಅವಳ ಭುಜದ ಎತ್ತರಕ್ಕೆ, ಬೀಗದ ಕೈ ಹಾಕೋ ಹಳೇ ಮೊಳೆ ಒಂದಿತ್ತು. ಆ ಮೊಳೆ ಬಿಟ್ಟು, ಸುತ್ತಿಗೆ ತಗೊಂಡು, ತನ್ನ ಕೈ ಎಟುಕುವಷ್ಟು ಮೇಲೆ ಹೊಸದೊಂದು ಮೊಳೆ ಹೊಡೆದು ಬೀಗದ ಕೈಯನ್ನು ಅಲ್ಲಿಗೆ ನೇತು ಹಾಕಿದ. ಒಂದು ದಿನ ಅವಳು ಸ್ಟೂಲ್ ತಂದಿಟ್ಟು ಹತ್ತೋಕೆ ಹೋದಳು. ಅವನು ಗದರಿದ. ಸ್ಟೂಲನ್ನು ತಗೊಂಡು ಹೋಗಿ ಅದರ ಜಾಗದಲ್ಲಿಟ್ಟಳು. ಆಮೇಲೆ ಕೇಳಲಿಲ್ಲ. ಗುರುವಾರದ ಮಾಂಸ ಮಾತ್ರ ಬಿಡಲಿಲ್ಲ. ಅವನ ತಲೆಗೆ ನಿವಾಳಿಸಿ, ಪೊಟ್ಟಣ ಕಟ್ಟಿ, ಪಕ್ಕದ ಮನೆಯ ಮಾನಮ್ಮನ ಕೈಗೆ ಕೊಟ್ಟು “ನಿನ್ನ ಟೆರೇಸಿಂದ ಹಾಕಮ್ಮ” ಅನ್ನುತ್ತಿದ್ದಳು.

ಫೆಬ್ರವರಿಯಲ್ಲಿ ಒಂದು ಬೆಳಗಿನ ಜಾವ ನಮಾಜಿಗೆ ಅವಳು ಏಳಲಿಲ್ಲ. ಅವನು ಎರಡು ಸಲ ಕರೆದ. ಮೂರನೇ ಸಲ ಮುಟ್ಟಿದ.

ಅಲಿಯಾ ನಲವತ್ತು ದಿನ ಇದ್ದಳು. ಪದ್ಧತಿಯಂತೆ ಅಮ್ಮನ ಬಟ್ಟೆಬರೆ ಎಲ್ಲ ಬಡವರಿಗೆ ಹಂಚಿದಳು. ಹೊರಡುವಾಗ “ಅಬ್ಬಾ, ನಮ್ಮನೆಗೆ ಬಂದ್ಬಿಡಿ” ಅಂತ ಅತ್ತಳು. ಅವನು ಒಪ್ಪಲಿಲ್ಲ. ಅವಳು ಹೋದ ಸಂಜೆ ಗಯಾಜ್ ಎರಡು ಲೋಟ ಟೀ ಮಾಡಿದ. ಒಂದು ಕುಡಿದು ಇನ್ನೊಂದನ್ನು ಬಹಳ ಹೊತ್ತು ನೋಡುತ್ತಾ ಕೂತ. ನೇರ ನೋಡಿದರೆ ಲೋಟವೂ ಇಲ್ಲ. ಆಮೇಲೆ ಟೀವಿ ಹಾಕಿದ. ಯಾವ ಚಾನೆಲ್ ಅಂತ ಅವನಿಗೇ ಗೊತ್ತಿರಲಿಲ್ಲ, ಮನೆಯಲ್ಲಿ ಒಂದು ದನಿ ಇರಲಿ ಅಂತ. ಅನ್ನವನ್ನು ನಿಂತೇ ತಿನ್ನೋನು. ಕೂತರೆ ಎದುರಿನ ಚಾಪೆ ಖಾಲಿ ಕಾಣುತ್ತಿತ್ತು.

ಏಪ್ರಿಲ್ ಮೊದಲ ವಾರ ಮೇಲಿನ ಟ್ಯಾಂಕಿನ ವಾಲ್ವ್ ಕೆಟ್ಟು ನೀರು ಹರಿಯಿತು. ಗಯಾಜ್ ಮೂರು ತಿಂಗಳ ಮೇಲೆ ಮೊದಲ ಸಲ ತಾರಸಿಯ ಬೀಗ ತೆಗೆದ. ವಾಲ್ವ್ ಕಟ್ಟಿ, ಸೊಂಟ ನೆಟ್ಟಗೆ ಮಾಡಿಕೊಳ್ಳೋಕೆ ಗೋಡೆಗೆ ಒರಗಿ ನಿಂತ. ಹಳಿ ಆಚೆ, ಕುಕ್ ಟೌನಿನ ಹಳೇ ಬಂಗಲೆಯ ಕಾಂಪೌಂಡಿನಲ್ಲಿ ಒಂದು ಒಣಗಿದ ಸಿಲ್ವರ್ ಓಕ್ ಮರ. ಮುನ್ನೂರು ಗಜ ದೂರ ಇದ್ದೀತು. ಅದರ ತುದಿಯ ಕವಲಿನಲ್ಲಿ ಹದ್ದಿನ ಗೂಡು, ಕಪ್ಪಗೆ. ಆ ಕಪ್ಪಿನ ಅಂಚಿನಲ್ಲಿ ಏನೋ ಬೆಳ್ಳಗೆ.

ನೇರ ನೋಡಿದ. ಮಾಯ. ಕತ್ತು ಸ್ವಲ್ಪ ಓರೆ ಮಾಡಿದ. ಬೆಳ್ಳಗೆ.

ಪ್ಲಾಸ್ಟಿಕ್ ಕವರ್ ಇರಬೇಕು ಅಂದುಕೊಂಡ. ಹದ್ದುಗಳು ಗೂಡಿಗೆ ಸಿಕ್ಕಿದ್ದೆಲ್ಲ ತುಂಬುತ್ತವೆ, ಬೆಳ್ಳಗಿದ್ದರೆ ಇನ್ನೂ ಇಷ್ಟ ಅಂತ ಯಾರೋ ಗಿರಾಕಿ ಒಮ್ಮೆ ಹೇಳಿದ್ದು ನೆನಪಾಯಿತು. ಆಗ “ತೋರ್ಸಿ” ಅಂದಿದ್ದ. ಕವರೇ ಇರಲಿ ದೇವರೇ ಅಂತ ಬೇಡಿಕೊಂಡ. ಹೌದು ಸ್ವಾಮಿ, ಹಾಗೇ ಬೇಡಿಕೊಂಡ. ಕವರ್ ಆಗಿದ್ದರೆ ಅವನು ಮಾಡಿದ್ದು ಸರಿ, ಹೆಂಡತಿಗೆ ನಿಜವಾಗಿಯೂ ಮರೆವಿತ್ತು, ಬೀಗ ಹಾಕಿದ್ದು ಅವಳ ಒಳ್ಳೆಯದಕ್ಕೆ. ಅದು ಟೋಪಿ ಆಗಿದ್ದರೆ? ಬುದ್ಧಿ ನೆಟ್ಟಗಿದ್ದ ಹೆಂಗಸನ್ನ ಊರೆಲ್ಲ ನಗಿಸಿ, ಡಾಕ್ಟರ ಮುಂದೆ ಕೂರಿಸಿ, ಅವಳಿಗಿದ್ದ ಒಂದೇ ಒಂದು ಆಕಾಶಕ್ಕೆ ಬೀಗ ಜಡಿದ ಹಾಗಾಯಿತು. ಅದು ಏನು ಅಂತ ಗೊತ್ತಾಗದೆ ಅವನಿಗೆ ಇನ್ನು ನಿದ್ದೆ ಹತ್ತುವ ಹಾಗಿರಲಿಲ್ಲ. ಮೊದಲ ಗಾಳಿಮಳೆ ಬರೋದರಲ್ಲಿತ್ತು. ಒಂದು ಜೋರು ಗಾಳಿಗೆ ಆ ಗೂಡು ನೆಲಕ್ಕೆ ಬಂದರೆ ಗೊತ್ತಾಗೋದೂ ಇಲ್ಲ.

ಮಂಚದ ಕೆಳಗೆ ಅಂಗಡಿಯ ಕಬ್ಬಿಣದ ಪೆಟ್ಟಿಗೆ ಇತ್ತು. ರಿಪೇರಿಗೆ ಕೊಟ್ಟು ವಾಪಸ್ ಬರದವರ ಸಾಮಾನೆಲ್ಲ ಅದರೊಳಗೆ. ಅದರಲ್ಲೊಂದು ಸ್ಪಾಟಿಂಗ್ ಸ್ಕೋಪು, ಅಂದರೆ ಸ್ಟ್ಯಾಂಡಿನ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ದಪ್ಪ ದುರ್ಬೀನು. ಹನ್ನೊಂದು ವರ್ಷದ ಹಿಂದೆ ಒಬ್ಬ ರಿಟೈರ್ಡ್ ಮೇಜರು ಲೆನ್ಸಿನ ಬೂಷ್ಟು ತೆಗೆಯೋಕೆ ಕೊಟ್ಟು ಹೋದವರು ಹೋದರೇ. ಗಯಾಜ್ ಅದನ್ನ ಒರೆಸಿ, ತಾರಸಿಗೆ ಹೊತ್ತು, ಟ್ರೈಪಾಡಿನ ಮೇಲೆ ಕೂರಿಸಿ ಕಣ್ಣಿಟ್ಟ. ಗೂಡು ಹತ್ತಿರ ಬಂತು. ಬಂದದ್ದೇ ಬೂದು ಚುಕ್ಕೆ ಅದರ ಮೇಲೆ ಹೋಗಿ ಕೂತಿತು. ಸ್ಕೋಪು ದೂರದ್ದನ್ನ ದೊಡ್ಡದು ಮಾಡುತ್ತೆ, ಕೆಟ್ಟ ಕಣ್ಣನ್ನ ಒಳ್ಳೇದು ಮಾಡುತ್ತಾ? ಆ ಸಣ್ಣ ಕಿಂಡಿಯಲ್ಲಿ ಓರೆಯಾಗಿ ನೋಡೋಕೂ ಆಗಲ್ಲ.

ಹಾಗಾದರೆ ಕಣ್ಣಿನ ಜಾಗದಲ್ಲಿ ಕ್ಯಾಮೆರಾ ಇಡಬೇಕು. ಅದು ನೋಡಲಿ. ಅದು ನೋಡಿದ್ದನ್ನ ಟೀವಿಯಲ್ಲಿ ದೊಡ್ಡದು ಮಾಡಿ, ಹತ್ತಿರ ಕೂತು, ಓರೆಗಣ್ಣಲ್ಲಿ ತಾನು ನೋಡಬಹುದು.

ಆ ಯೋಚನೆ ಬಂದದ್ದೇ ತಡ, ಅವನಿಗೆ ಎರಡು ತಿಂಗಳಲ್ಲಿ ಮೊದಲ ಸಲ ಹಸಿವಾಯಿತು.

ಪೆಟ್ಟಿಗೆಯಲ್ಲಿ ಹಳೇ ಪುಟ್ಟ ಡಿಜಿಟಲ್ ಕ್ಯಾಮೆರಾ ಒಂದಿತ್ತು. ಈ ಕೆಲಸಕ್ಕೆ ದೊಡ್ಡ ಕ್ಯಾಮೆರಾಗಿಂತ ಪುಟ್ಟದೇ ವಾಸಿ, ಅದರ ಲೆನ್ಸು ಸ್ಕೋಪಿನ ಕಣ್ಣಿಗೆ ಸರಿಯಾಗಿ ಕೂರುತ್ತೆ. ಆದರೆ ಎರಡನ್ನೂ ಜೋಡಿಸೋಕೆ ನಡುವೆ ಒಂದು ಬಳೆ ಬೇಕು. ಕೊಳಾಯಿ ಸಾಮಾನಿನ ಅಂಗಡಿಗೆ ಹೋಗಿ ಪಿವಿಸಿ ಪೈಪಿಗೆ ಹಾಕುವ ಕಪ್ಲಿಂಗುಗಳನ್ನ ಒಂದೊಂದಾಗಿ ಬೆರಳಲ್ಲೇ ಅಳೆದ. ಅಂಗಡಿಯವನು “ಎಷ್ಟು ಇಂಚಿನ ಪೈಪು ಸಾರ್?” ಅಂದ. “ಪೈಪಲ್ಲ, ಕಣ್ಣು” ಅಂದ ಗಯಾಜ್. ಅಂಗಡಿಯವನು ಇಡೀ ಡಬ್ಬಾನೇ ಮುಂದೆ ಸರಿಸಿದ.

ಕಪ್ಲಿಂಗಿನ ಒಳಗೆ ಸೈಕಲ್ ಟ್ಯೂಬಿನ ತುಂಡು ಅಂಟಿಸಿದ, ಬಿಗಿ ಹಿಡಿಯಲಿ ಅಂತ. ಒಂದು ತುದಿ ಸ್ಕೋಪಿನ ಕಣ್ಣಿಗೆ, ಇನ್ನೊಂದು ಕ್ಯಾಮೆರಾದ ಮೂತಿಗೆ. ಕಪ್ಪು ಟೇಪು ಸುತ್ತುವಾಗ “ಗುಲ್ಷನ್, ಈ ತುದಿ ಸ್ವಲ್ಪ ಹಿಡ್ಕೋ” ಅಂದ. ಆಮೇಲೆ ಟೇಪಿನ ತುದಿಯನ್ನ ಹಲ್ಲಲ್ಲಿ ಕಚ್ಚಿಕೊಂಡು ಸುತ್ತಿದ.

ಮೊದಲ ದಿನದ ಫೋಟೋಗಳಲ್ಲಿ ಎಲ್ಲ ಕಪ್ಪು, ನಡುವೆ ಬಾವಿಯ ತಳದ ನೀರಿನಷ್ಟು ಒಂದು ಬೆಳಕು. ಕ್ಯಾಮೆರಾ ಸ್ಕೋಪಿನ ಕಣ್ಣಿಂದ ದೂರ ಇದೆ, ಅದಕ್ಕೇ. ಮೂತಿ ತಾಗಬಾರದು, ದೂರವೂ ಆಗಬಾರದು. ಕಪ್ಲಿಂಗನ್ನ ಮರಳು ಕಾಗದದ ಮೇಲೆ ಉಜ್ಜಿ ಉಜ್ಜಿ ಎರಡು ನೂಲು, ಅಂದರೆ ಕಾಲು ಇಂಚು, ಕಮ್ಮಿ ಮಾಡಿದ. ಕ್ಯಾಮೆರಾದ ಜೂಮನ್ನ ಸ್ವಲ್ಪ ಮುಂದೆ ತಂದ. ಕಪ್ಪು ಅಂಚಿಗೆ ಸರಿದು ಮಾಯವಾಯಿತು. ಎರಡನೇ ದಿನ ಗೂಡು ಬಂತು, ಆದರೆ ನಡುಗಿ ಬಂತು. ಅಷ್ಟು ದೊಡ್ಡದು ಮಾಡಿದಾಗ ಗುಂಡಿ ಒತ್ತಿದ ಬೆರಳೇ ಭೂಕಂಪ. ಒತ್ತಿ ಎರಡು ಸೆಕೆಂಡ್ ಆದ ಮೇಲೆ ತಾನೇ ಹೊಡೆದುಕೊಳ್ಳುವ ಹಾಗೆ ಟೈಮರ್ ಇಟ್ಟ. ಮೂರನೇ ದಿನ ರೈಲು. ಹಳಿಯ ಮೇಲೆ ಗಾಡಿ ಹೋದರೆ ಇಡೀ ಮಹಡಿ ಅದುರುತ್ತೆ, ಈ ಮನೆಯಲ್ಲಿ ಮೂವತ್ತು ವರ್ಷ ಇದ್ದೂ ಅವನು ಗಮನಿಸಿರಲಿಲ್ಲ. ಹೊತ್ತೇರಿದರೆ ತಗಡಿನ ಸೂರುಗಳಿಂದ ಬಿಸಿಗಾಳಿ ಎದ್ದು ಗೂಡು ನೀರೊಳಗಿದ್ದ ಹಾಗೆ ಕುಣಿಯುತ್ತೆ. ಕೊನೆಗೆ ಬೆಳಗ್ಗೆ ಆರೂವರೆಯಿಂದ ಏಳರವರೆಗೆ, ಎರಡು ರೈಲುಗಳ ನಡುವೆ, ಅದೊಂದೇ ಹೊತ್ತು ಅಂತ ಗೊತ್ತಾಯಿತು.

ಪಕ್ಕದ ತಾರಸಿಯಲ್ಲಿ ಮಾನಮ್ಮ ಸಂಡಿಗೆ ಹಾಕೋಕೆ ಬಂದಿದ್ದಳು. ತವರು ಲಿಂಗರಾಜಪುರ, ಅಪ್ಪನ ಹೂವಿನ ತೋಟ ಈಗ ನಾಲ್ಕು ಬಾಡಿಗೆ ಮನೆ. ಬಾಯಿ ಜೋರು, ಮನಸ್ಸು ಮೆತ್ತಗೆ. ಗುಲ್ಷನ್‌ಗೆ ಇದ್ದ ಒಬ್ಬಳೇ ಗೆಳತಿ.

“ಏನ್ ಗಯಾಜಣ್ಣ, ತೋಪು ಇಟ್ಟಿದೀರ? ಯಾರ ಮೇಲೆ ಯುದ್ಧ?”

“ಹದ್ದಿನ ಗೂಡು ಮಾನಮ್ಮ. ಫೋಟೋ ತೆಗೀಬೇಕು.”

ಮಾನಮ್ಮ ಹಳಿ ಆಚೆಯ ಮರದ ಕಡೆ ನೋಡಿದಳು. ಸ್ಕೋಪಿನ ಕಡೆ ನೋಡಿದಳು. ಇನ್ನೇನೋ ಹೇಳೋಕೆ ಬಾಯಿ ತೆರೆದವಳು, ಸಂಡಿಗೆ ಹಿಟ್ಟಿನ ಪಾತ್ರೆ ಎತ್ತಿಕೊಂಡು ಕೆಳಗೆ ಇಳಿದುಬಿಟ್ಟಳು. ಅರ್ಧ ಹಿಟ್ಟು ಪಾತ್ರೆಯಲ್ಲೇ ಉಳಿದಿತ್ತು.

ನಾಲ್ಕನೇ ದಿನ ಗಾಳಿ ಇರಲಿಲ್ಲ. ಫೋಕಸ್ ಕೂತಿದೆಯೋ ಇಲ್ಲವೋ ಅಂತ ನೋಡೋಕೆ ಅವನಿಗೆ ಕಣ್ಣಿಲ್ಲ. ಹಾಗಾಗಿ ಸ್ಕೋಪಿನ ಬಳೆಯನ್ನ ಕೂದಲೆಳೆಯಷ್ಟು ತಿರುಗಿಸೋದು, ಒಂದು ಫೋಟೋ, ಮತ್ತೆ ಕೂದಲೆಳೆ, ಮತ್ತೊಂದು. ಹೀಗೆ ನಲವತ್ತು ತೆಗೆದ. ಒಂದರಲ್ಲಾದರೂ ಕೂತಿರಲೇಬೇಕು. ಕಾರ್ಡು ತಂದು ಟೀವಿಗೆ ಹಾಕಿ, ಮೂಗು ತಾಗುವಷ್ಟು ಹತ್ತಿರ ಕುಕ್ಕರಗಾಲಲ್ಲಿ ಕೂತ. ಒಂದೊಂದೇ ಮುಂದಕ್ಕೆ ತಳ್ಳಿದ. ಮಸುಕು, ಮಸುಕು, ಇನ್ನೂ ಮಸುಕು. ಇಪ್ಪತ್ತಾರನೆಯದರಲ್ಲಿ ಕಡ್ಡಿಗಳು ಕಂಡವು, ಕೇಬಲ್ ವೈರು ಕಂಡಿತು. ಇಪ್ಪತ್ತೇಳನೆಯದು ಚಾಕುವಿನಲ್ಲಿ ಕೊಯ್ದ ಹಾಗೆ ಚೊಕ್ಕ.

ಎರಡು ಮರಿ, ಹತ್ತಿಯ ಮೈ, ಬಾಯಿ ತೆರೆದಿವೆ. ಅವುಗಳ ಕೆಳಗೆ ಬೆಳ್ಳಗೆ ಒಂದು ಜಾಲರಿ. ಗಯಾಜ್ ಕತ್ತು ಎಡಕ್ಕೆ ವಾಲಿಸಿದ, ಬಲಕ್ಕೆ ವಾಲಿಸಿದ, ಚೂರು ಚೂರಾಗಿ ನೋಡಿದ. ಹೆಣಿಗೆಯ ಕಣ್ಣುಗಳು. ದುಂಡಗಿನ ಅಂಚು. ಅಂಚಿನಲ್ಲಿ ಹಸಿರು ಅಲೆ, ಧೂಳು ಹಿಡಿದಿದ್ದರೂ ಹಸಿರೇ. ಅದರ ಪಕ್ಕ ಕಡ್ಡಿಗಳ ನಡುವಿಂದ ಅಂಗುಲದಷ್ಟು ಗುಲಾಬಿ ಕಾಲುಚೀಲ. ಕೆಳಗೆ ಜೋತು ಬಿದ್ದು ಮಿಂಚುತ್ತಿರುವ ಜರಿ ಲೇಸು.

“ಸಿಕ್ತು!” ಅಂತ ಕೂಗಿದ. ಎಷ್ಟೋ ದಿನ ಸತಾಯಿಸಿದ ಕ್ಯಾಮೆರಾದ ಒಳಗಿನ ತಪ್ಪು ಕೊನೆಗೆ ಸಿಕ್ಕಾಗ ಅಂಗಡಿಯಲ್ಲಿ ಕೂಗುತ್ತಿದ್ದ ಹಾಗೇ, ಅದೇ ಖುಷಿಯಲ್ಲಿ ಕೂಗಿದ. “ಗುಲ್ಷನ್, ಬಾ ಇಲ್ಲಿ! ನೋಡು, ಮೂರೂ ಇವೆ!”

ಅಡುಗೆ ಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು.

ಆಗ ಅವನಿಗೆ ತಾನು ಕಂಡುಹಿಡಿದದ್ದು ಏನು ಅಂತ ಹೊಳೆಯಿತು. ಮೂರಕ್ಕೆ ಮೂರೂ ಅವಳು ಹೇಳಿದ ಹಾಗೇ ಇತ್ತು. ಒಂದು ಸುಳ್ಳಿಲ್ಲ, ಒಂದು ಮರೆವಿಲ್ಲ. 'ನಾನು ನೋಡಿದ್ದು ಹೇಳ್ದೆ' ಅಂದಿದ್ದಳು, ಅಷ್ಟೇ ಮಾಡಿದ್ದಳು. ಗಯಾಜ್ ಟೀವಿಯ ಮುಂದೆ ಮಗುವಿನ ಹಾಗೆ ಅತ್ತ. ಮಣ್ಣು ಕೊಟ್ಟ ದಿನವೂ ಹೀಗೆ ಅತ್ತಿರಲಿಲ್ಲ. ಅವತ್ತು ಹೆಂಡತಿ ಹೋದಳು ಅಂತ ಅತ್ತಿದ್ದ. ಇವತ್ತು ಅವಳಿಗೆ ತಾನು ಏನು ಮಾಡಿದೆ ಅಂತ ಅತ್ತ.

ಒಬ್ಬರ ಮುಂದಾದರೂ ಹೇಳಬೇಕಿತ್ತು. ಊರೆಲ್ಲ ನಗಿಸಿದವನು ಒಬ್ಬರ ಮುಂದಾದರೂ 'ಅವಳು ಹೇಳಿದ್ದೇ ನಿಜ' ಅನ್ನದಿದ್ದರೆ ಎದೆ ಒಡೆಯುತ್ತೆ. ಕಾರ್ಡನ್ನ ಕ್ಯಾಮೆರಾಗೆ ಹಾಕಿ, ಚಪ್ಪಲಿ ಮೆಟ್ಟದೆ ಮಾನಮ್ಮನ ಮನೆ ಬಾಗಿಲು ತಟ್ಟಿದ.

“ಮಾನಮ್ಮ, ಇದನ್ನ ನೋಡಿ. ಟೋಪಿ. ಗುಲ್ಷನ್ ಹೇಳಿದ್ದು ನಿಜ. ಹದ್ದೇ ತಗೊಂಡ್ ಹೋಗಿದ್ದು. ಇಲ್ಲಿ, ಫೋಟೋದಲ್ಲಿ ಇದೆ ನೋಡಿ.”

ಮಾನಮ್ಮ ಕ್ಯಾಮೆರಾ ಕೈಗೆ ತಗೊಳ್ಳಲಿಲ್ಲ. ಸೆರಗಲ್ಲಿ ಕೈ ಒರೆಸಿಕೊಂಡು ನಿಂತಳು.

“ನನಗ್ಯಾಕಣ್ಣ ಫೋಟೋ? ಅವತ್ತು ನಾನೇ ನೋಡಿದ್ನಲ್ಲ.”

“ಏನು?”

“ಮೆಣಸಿನಕಾಯಿ ಹರವ್ತಾ ಇದ್ದೆ. ನನ್ನ ಕಣ್ಮುಂದೇನೇ ಬಂದು ಎತ್ಕೊಂಡು ಹೋಯ್ತು. ಚೊಂಬು ಉರುಳಿ ನಮ್ಮ ಕಡೆ ಬಿತ್ತು, ನಾನೇ ಎತ್ತಿ ಕೊಟ್ಟೆ.”

ಗಯಾಜ್‌ಗೆ ಸಿಟ್ಟು ನೆತ್ತಿಗೇರಿತು. “ಮತ್ತೆ ಯಾಕ್ ಹೇಳ್ಲಿಲ್ಲ ನೀವು? ನಾನು ಊರೆಲ್ಲ ಹೇಳ್ಕೊಂಡು ತಿರುಗ್ತಿದ್ದೆ, ಡಾಕ್ಟರ ಹತ್ರ ಕರ್ಕೊಂಡು ಹೋದೆ, ಬೀಗ ಹಾಕ್ದೆ! ಒಂದು ಮಾತು! ಒಂದು ಮಾತು ಹೇಳಿದ್ರೆ ಮುಗೀತಿತ್ತು!”

“ಬರ್ತಿದ್ದೆ ಅಣ್ಣಾ. ಅವತ್ತೇ ಹೊರಟಿದ್ದೆ. ಅವಳೇ ಬಾಗಿಲಲ್ಲಿ ಅಡ್ಡ ನಿಂತು, ತಲೆ ಮೇಲೆ ಕೈ ಇಡಿಸ್ಕೊಂಡು ಆಣೆ ಹಾಕಿಸ್ಕೊಂಡ್ಳು.” ಮಾನಮ್ಮ ಸೆರಗನ್ನ ಸೊಂಟಕ್ಕೆ ಸಿಕ್ಕಿಸಿದಳು. “‘ನೀನು ಹೇಳಿ ಅವರು ನಂಬಿದ್ರೆ, ನಂಬಿದ್ದು ನಿನ್ನನ್ನ ಮಾನಮ್ಮ. ನನ್ನನ್ನಲ್ಲ. ಮೂವತ್ತಾರು ವರ್ಷ ಆದ ಮೇಲೂ ನನ್ನ ಮಾತಿಗೆ ಸಾಕ್ಷಿ ಬೇಕಾ?’ ಅಂದ್ಳು.”

ಗಯಾಜ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

“ಡಾಕ್ಟರ ಹತ್ರ...” ಅಂದ. “ವಾರ ಕೇಳಿದ್ರು. ಅವಳಿಗೆ ಗೊತ್ತಾಗ್ಲಿಲ್ಲ ಅಲ್ವಾ? ಅದು...”

“ಗುರುವಾರ ಅಣ್ಣಾ. ಗುರುವಾರ ಅಂತ ಅವಳಿಗೆ ಗೊತ್ತಿಲ್ದೆ ಇರುತ್ತಾ? ನಿಮ್ಮ ಕಣ್ಣಿಗೆ ಅಂತ ಬೆಳಗ್ಗೇನೇ ಮಾಂಸ ತಂದಿಟ್ಟು ಹೋಗಿದ್ಳು. ಸಾಯಂಕಾಲ ಬಂದು ಪೊಟ್ಟಣ ಕೊಟ್ಟಾಗ ನಾನೂ ಕೇಳ್ದೆ, ಯಾಕೇ ಬಾಯಿ ಬಿಡ್ಲಿಲ್ಲ ಅಂತ. ‘ನಾನು ಗುರುವಾರ ಅಂದಿದ್ರೆ ಅವರು ಗೋಡೆ ಮೇಲಿನ ಕ್ಯಾಲೆಂಡರ್ ಕಡೆ ತಿರುಗಿ ನೋಡೋರು. ಅದನ್ನ ನೋಡೋಕೆ ನನಗೆ ಆಗ್ತಿರ್ಲಿಲ್ಲ’ ಅಂದ್ಳು.”

ಹೌದು, ಅವಳು ಗುರುವಾರ ಅಂದಿದ್ದರೆ ಗಯಾಜ್ ತಿರುಗಿ ನೋಡುತ್ತಿದ್ದ. ಖಂಡಿತ ನೋಡುತ್ತಿದ್ದ.

“ಕಾಯ್ತಿದ್ಳು ಅಣ್ಣಾ” ಅಂದಳು ಮಾನಮ್ಮ. “‘ಒಂದಿನ ತಾವಾಗೇ ಬಂದು ಬೀಗ ತೆಗೀತಾರೆ, ನೋಡ್ತಿರು’ ಅಂತಿದ್ಳು. ಅದಕ್ಕೇ ನಿಮ್ಮ ಮೇಲೆ ನನಗೂ ಸಿಟ್ಟಿತ್ತು. ಈಗ್ಲೂ ಇದೆ. ಬನ್ನಿ ಒಳಗೆ, ಮುದ್ದೆ ಮಾಡಿದೀನಿ, ಊಟ ಮಾಡ್ಕೊಂಡು ಹೋಗಿ.”

ಬೇಡಮ್ಮ ಅಂದು ಮೆಟ್ಟಿಲಿಳಿದ. ಕ್ಯಾಮೆರಾ ಕೈಯಲ್ಲಿತ್ತು. ನಾಲ್ಕು ದಿನ ಒದ್ದಾಡಿ, ಮುನ್ನೂರು ಗಜ ದೂರದಿಂದ ತಂದ ಸಾಕ್ಷಿ. ಪಕ್ಕದ ತಾರಸಿಯಲ್ಲೇ ಸಾಕ್ಷಿ ಇತ್ತು, ಅದನ್ನ ಅವಳೇ ಬೇಡ ಅಂದಿದ್ದಳು. ಅವಳು ಕೇಳಿದ್ದು ಇದಲ್ಲವೇ ಅಲ್ಲ. ಅವಳಿಗೆ ಬೇಕಿದ್ದದ್ದು ಫೋಟೋ ಇಲ್ಲದೆ ಕೊಡಬಹುದಾಗಿದ್ದ ಒಂದು “ಹೂಂ”. ಅದಕ್ಕೆ ಲೆನ್ಸು ಬೇಕಿರಲಿಲ್ಲ, ಕಣ್ಣೂ ಬೇಕಿರಲಿಲ್ಲ. ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಹಾಗಾಯಿತು ಅವನ ಬಾಳು.

ಮನೆಗೆ ಬಂದು ಪೆಟ್ಟಿಗೆಯಿಂದ ಇಕ್ಕಳ ತೆಗೆದ. ಮೆಟ್ಟಿಲ ಬಾಗಿಲ ಹತ್ತಿರ ಹೋಗಿ, ಮೇಲಿನ ಮೊಳೆಯನ್ನ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತ. ಮುಷ್ಟಿಯಷ್ಟು ಗಾರೆ ಉದುರಿ ಮುಖದ ಮೇಲೆ ಬಿತ್ತು. ಕೆಳಗಿನ ಹಳೇ ಮೊಳೆ ಹಾಗೇ ಇತ್ತು. ತುಕ್ಕು ಹಿಡಿದಿತ್ತು. ಬೀಗದ ಕೈಯನ್ನ ಅದಕ್ಕೆ ಹಾಕಿದ.

ಮಾರನೇ ದಿನ ಗುರುವಾರ. ಕ್ಯಾಲೆಂಡರ್ ನೋಡಲಿಲ್ಲ. ಕಾಲು ಕೆ.ಜಿ. ಮಾಂಸದ ಚೂರು ತಂದ. ತಾರಸಿಯಲ್ಲಿ ಟ್ರೈಪಾಡು ಹಾಗೇ ನಿಂತಿತ್ತು, ಅದರ ಹತ್ತಿರ ಹೋಗಲಿಲ್ಲ. ಹದ್ದುಗಳು ಆಗಲೇ ಸುತ್ತುತ್ತಿದ್ದವು. ಪೊಟ್ಟಣ ಬಿಚ್ಚಿದ. ಸದಕಾ ಅಂದರೆ ಇನ್ನೊಬ್ಬರು ತಲೆಗೆ ಸುತ್ತಿ ನಿವಾಳಿಸಬೇಕು. ತನ್ನ ತಲೆಗೆ ತಾನೇ ಹೇಗೆ ಸುತ್ತಿಕೊಳ್ಳೋದು? ಹಾಗೇ ಎಸೆದ. ಒಂದು ಹದ್ದು ಬಂದು ಗಾಳಿಯಲ್ಲೇ ಹಿಡಿದು ಹಳಿ ಆಚೆ ಹೋಯಿತು.

ಕೆಳಗಿಳಿದು ಬಾಗಿಲಿಗೆ ಬೀಗ ಹಾಕದೆ ಸುಮ್ಮನೆ ಮುಂದೆ ಮಾಡಿದ. ಮೊಳೆಯನ್ನ ಓರೆಗಣ್ಣಲ್ಲಿ ಹುಡುಕಿ ಬೀಗದ ಕೈ ಹಾಕೋಕೆ ಆರಡಿ ಆಳು ಬಗ್ಗಬೇಕಾಯಿತು. ಬಗ್ಗಿದ. ಗುಲ್ಷನ್‌ಳ ಕೈಗೆ ಸುಲಭವಾಗಿ ಎಟುಕುವ ಎತ್ತರದಲ್ಲಿ ಅದು ಸ್ವಲ್ಪ ಹೊತ್ತು ತೂಗಾಡಿ ನಿಂತಿತು.